ನನ್ನ ಗಂಡನ ಮಾತನ್ನು ಊರಿಗೆಲ್ಲ ಕೇಳಿಸಿದವರಿಗೆ

ನಮ್ಮ ಭಾಗದ ರಾಷ್ಟ್ರೀಯ ಹಬ್ಬಗಳ ಉಸ್ತುವಾರಿ ಹೊತ್ತಿರುವ ಹಿರಿಯ ಅಧಿಕಾರಿಗಳಿಗೆ,

ಸನ್ಮಾನ ಮಾಡುವುದರಲ್ಲಿ ಕೈ ಪಳಗಿದ ಮಾನ್ಯರೇ,

ಕಳೆದ ಗಣರಾಜ್ಯೋತ್ಸವದ ದಿನ ನನ್ನ ಗಂಡ ನನ್ನೊಬ್ಬಳಿಗೆಂದು ಆಡಿದ ಮಾತುಗಳನ್ನು ತಾವು ಅಟ್ಟೂರಿನ ಮೈದಾನದಲ್ಲಿ ಸೇರಿದ್ದ ಜನರಿಗೆಲ್ಲ ದೊಡ್ಡ ಪರದೆಯ ಮೇಲೆ ತೋರಿಸಿದಿರಿ. ನಮ್ಮಿಬ್ಬರಿಗೂ ತಿಳಿಯದಂತೆ ತೋರಿಸಿದಿರಿ. ಆಮೇಲೆ ಅದಕ್ಕೆ ಪಿಟೀಲಿನ ಶೋಕ ಸಂಗೀತ ಸೇರಿಸಿ ತಮ್ಮ ಕಚೇರಿಯ ಪುಟದಲ್ಲಿ ಹಾಕಿದಿರಿ. ಅದು ಇವತ್ತಿಗೂ ಅಲ್ಲಿದೆ. ತೆಗೆಯಿರಿ ಎಂದು ತಮ್ಮ ಕಚೇರಿಗೇ ಬಂದು ಕೇಳಿಕೊಂಡೆ, ನಕ್ಕು ಕಳಿಸಿದಿರಿ. ನನ್ನ ಮನೆಯ ಮಾತು ಹೇಗೂ ಬೀದಿಗೆ ಬಂದಿದೆ. ಉಳಿದದ್ದನ್ನೂ ಬೀದಿಯಲ್ಲೇ ಮಾತಾಡೋಣವೆಂದು ಇದನ್ನು ಬರೆಯುತ್ತಿದ್ದೇನೆ.

ಓದುವ ಉಳಿದವರಿಗೆ ನನ್ನ ಪರಿಚಯವಿರಲಿ. ನನ್ನ ಹೆಸರು ಮಂಜುಶ್ರೀ. ಕೊಡಿಗೇಹಳ್ಳಿಯಲ್ಲಿ ಅತ್ತೆಯ ಜೊತೆ ಇದ್ದೇನೆ, ಅಲ್ಲೇ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಔಷಧಿ ಕೊಡುವ ಕೆಲಸ. ನನ್ನ ಗಂಡ ಅಶ್ವತ್ಥ್ ಸೇನೆಯ ಎಂಜಿನಿಯರ್ ದಳದಲ್ಲಿ ಹವಾಲ್ದಾರ. ಕಳೆದ ವರ್ಷ ಶಾಂತಿಪಾಲನಾ ಪಡೆಯ ಜೊತೆ ಆಫ್ರಿಕಾದ ಒಂದು ದೇಶಕ್ಕೆ ಹೋದರು. ಅಲ್ಲಿ ಯುದ್ಧ ಮುಗಿದಿದೆ. ಮುಗಿದಿದೆ ಎಂದರೆ ಗುಂಡಿನ ಸದ್ದು ನಿಂತಿದೆ, ಅಷ್ಟೆ. ರಸ್ತೆಗಳು ಕಿತ್ತುಹೋಗಿವೆ, ಸೇತುವೆಗಳು ಹೊಳೆಗೆ ಬಿದ್ದಿವೆ, ಹೊಲಕ್ಕೆ ಕಾಲಿಡಲು ಜನ ಹೆದರುತ್ತಾರೆ. ನನ್ನ ಗಂಡನ ತುಕಡಿ ಸೇತುವೆ ಕಟ್ಟುತ್ತದೆ. ಜೀವ ಉಳಿಸಿಕೊಳ್ಳಲು ಓಡಿಹೋಗಿದ್ದವರು ತಲೆಯ ಮೇಲೆ ಗಂಟು ಹೊತ್ತು ಆ ಸೇತುವೆ ದಾಟಿ ತಮ್ಮ ಊರಿಗೆ ಮರಳುತ್ತಾರೆ. ತಾವು ಭಾಷಣದಲ್ಲಿ ನನ್ನ ಗಂಡನನ್ನು ‘ಹಿಮದಲ್ಲಿ ನಿಂತು ಗಡಿ ಕಾಯುತ್ತಿರುವ ವೀರ’ ಎಂದಿರಂತೆ. ಅಲ್ಲಿ ಬೆಂಕಿಯಂಥ ಬಿಸಿಲು. ಸನ್ಮಾನಿಸುವ ಮೊದಲು ಸನ್ಮಾನಿತರು ಯಾವ ಖಂಡದಲ್ಲಿದ್ದಾರೆಂದು ವಿಚಾರಿಸುವ ಪದ್ಧತಿ ತಮ್ಮಲ್ಲಿಲ್ಲವೇನೋ.

ಅವರು ಇರುವ ಕಡೆ ಫೋನ್ ಸಿಗುವುದೇ ಅಪರೂಪ. ಸಿಕ್ಕರೂ ಬೆನ್ನ ಹಿಂದೆ ನಾಲ್ಕೈದು ಜನ ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ‘ಊಟ ಆಯ್ತಾ’ ಎನ್ನುವಷ್ಟರಲ್ಲಿ ಪರದೆಯ ಮೇಲಿನ ಮುಖ ಚೂರುಚೂರಾಗಿ ನಿಂತುಬಿಡುತ್ತದೆ. ತಮ್ಮ ಸಮಾರಂಭಕ್ಕಾಗಿ ಆವತ್ತು ಅವರಿಗೆ ಒಳ್ಳೆಯ ಸಂಪರ್ಕವನ್ನೂ ಒಂದು ಖಾಲಿ ಡೇರೆಯನ್ನೂ ಬಿಟ್ಟುಕೊಟ್ಟಿದ್ದರು. ನನ್ನನ್ನು ವೇದಿಕೆಯ ಹಿಂದಿದ್ದ ಶಾಲೆಯ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂರಿಸಿದವರು ತಾವೇ.

“ನೆಟ್‌ವರ್ಕ್ ಟೆಸ್ಟ್ ಮಾಡ್ಬೇಕು ಕಣಮ್ಮ. ಅಲ್ಲೀವರ್ಗೂ ನೀವಿಬ್ರೂ ಆರಾಮಾಗಿ ಮಾತಾಡ್ತಿರಿ. ಹೊರಗಡೆ ಸ್ಕ್ರೀನ್ ಆನ್ ಮಾಡೋಕ್ ಮುಂಚೆ ನಾನೇ ಬಂದ್ ಹೇಳ್ತೀನಿ,” ಎಂದಿರಿ. ಹೋಗುವಾಗ ಬಾಗಿಲು ಕೂಡ ಎಳೆದುಕೊಂಡು ಹೋದಿರಿ. ಈ ಮನುಷ್ಯನಿಗೆ ಎಷ್ಟು ಸೂಕ್ಷ್ಮವಿದೆ ಎಂದುಕೊಂಡೆ. ಆ ಕೃತಜ್ಞತೆಯನ್ನು ಈ ಮೂಲಕ ವಾಪಸ್ ಪಡೆಯುತ್ತಿದ್ದೇನೆ.

ಪರದೆಯಲ್ಲಿ ನನ್ನ ಗಂಡ ಕಂಡರು. “ಇವತ್ತು ಸರಿಯಾಗಿ ಕಾಣ್ತಿದೀಯ ಕಣೇ. ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋ, ನೋಡ್ತೀನಿ,” ಎಂದರು. ಆಮೇಲೆ ಹಿಂದಿನ ವಾರ ಕಂಡದ್ದನ್ನು ಹೇಳಿದರು. ಹೊಸ ಸೇತುವೆಯ ಮೇಲೆ ಒಬ್ಬ ಹೆಂಗಸು ಗಂಟು ಹೊತ್ತು ಬರುತ್ತಿದ್ದಳಂತೆ. ಆ ಕಡೆ ಕಲ್ಲು ಹೊರುತ್ತಿದ್ದ ಕೂಲಿಯವನೊಬ್ಬ ಅವಳನ್ನು ನೋಡಿ ಕೈಲಿದ್ದ ಕಲ್ಲು ಬಿಟ್ಟುಬಿಟ್ಟನಂತೆ. ಗಂಡ ಹೆಂಡತಿ. ಒಬ್ಬರು ಸತ್ತಿದ್ದಾರೆಂದು ಇನ್ನೊಬ್ಬರು ತಿಳಿದಿದ್ದರು. “ಇಬ್ರೂ ಮುಟ್ಕೊಳ್ಳಲೂ ಇಲ್ಲ ಕಣೇ. ಸುಮ್ನೆ ನಿಂತಿದ್ರು. ನಂಗೆ ಅಲ್ಲಿ ನಿಲ್ಲೋಕಾಗ್ಲಿಲ್ಲ, ಲಾರಿ ಹಿಂದೆ ಹೋಗಿ ಅತ್ತೆ,” ಎಂದರು.

ನಾನು ಏನೋ ಹೇಳಹೊರಟೆ. ಅವರು ಬಿಡಲಿಲ್ಲ. “ನಿನ್ನ ಹಳೇ ವೇಲ್ ತಂದಿದ್ನಲ್ಲ, ಅದ್ರಲ್ಲಿ ನಿನ್ನ ವಾಸನೆ ಹೋಗ್ಬಿಟ್ಟಿದೆ. ಒಂದ್ಸಲಾನೂ ಒಗ್ದಿಲ್ಲ, ಆದ್ರೂ ಹೋಗ್ಬಿಟ್ಟಿದೆ. ಮುಖದ ಮೇಲೆ ಹಾಕ್ಕೊಂಡ್ರೆ ಬರೀ ಡೀಸೆಲ್ ವಾಸನೆ.” ಮೈದಾನದತ್ತ ತಿರುಗಿಸಿದ್ದ ಸ್ಪೀಕರುಗಳ ಮಾತು ಮುಚ್ಚಿದ ಬಾಗಿಲೊಳಗೆ ತಿಳಿಯುತ್ತಿರಲಿಲ್ಲ. ಹೊರಗೆ ನಗು ಕೇಳಿಸಿತು, ಯಾರೋ ಸಿಳ್ಳೆ ಹಾಕಿದರು. ಮಕ್ಕಳ ನೃತ್ಯ ಶುರುವಾಗಿರಬೇಕು ಎಂದುಕೊಂಡೆ.

ಅಷ್ಟರಲ್ಲಿ ಅವರ ದನಿ ಬದಲಾಯಿತು. “ಆವತ್ತು ಆಸ್ಪತ್ರೆಗೆ ನೀನೊಬ್ಳೇ ಹೋದ್ಯಲ್ಲ, ಮಗು ಉಳೀಲಿಲ್ಲ ಅಂತ ಡಾಕ್ಟ್ರು ಹೇಳ್ದಾಗ ನಿನ್ನ ಪಕ್ಕ ಯಾರೂ ಇರ್ಲಿಲ್ವಲ್ಲ. ಊರೋರ ಸೇತುವೆ ಕಟ್ಕೊಂಡು ನಾನಿಲ್ಲಿದೀನಿ. ಅದು ನೆನಪಾದ್ರೆ ಕೈ ಆಡಲ್ಲ ಕಣೇ ನಂಗೆ.”

ಮಾನ್ಯರೇ, ಆ ಮಗುವಿನ ವಿಷಯ ಈ ಭೂಮಿಯ ಮೇಲೆ ನಮ್ಮಿಬ್ಬರಿಗೆ ಮತ್ತು ಒಬ್ಬ ಡಾಕ್ಟರಿಗೆ ಮಾತ್ರ ಗೊತ್ತಿತ್ತು. ನಾನು ಬಸುರಿ ಎಂದು ತಿಳಿದಾಗ ಅವರಾಗಲೇ ವಿಮಾನ ಹತ್ತಿಯಾಗಿತ್ತು. ಸ್ವಲ್ಪ ದಿನಕ್ಕೇ ಹೋಗಿಬಿಟ್ಟಿತು. ನಮ್ಮತ್ತೆ ವೆಂಕಟಲಕ್ಷ್ಮಮ್ಮನವರಿಗೆ ಹೇಳಿರಲಿಲ್ಲ, ಏಕೆಂದರೆ ಅವರ ಮಗಳು ಹೆರಿಗೆಯಲ್ಲೇ ತೀರಿಕೊಂಡವಳು. ಮಗ ಬಂದ ಮೇಲೆ ಇಬ್ಬರೂ ಅವರ ಅಕ್ಕಪಕ್ಕ ಕೂತು ಹೇಳೋಣವೆಂದು ಮಾತಾಡಿಕೊಂಡಿದ್ದೆವು. ಆ ದಿನ ಅವರು ಮದುವೆ ಮನೆಗೆ ಉಡುವ ರೇಷ್ಮೆ ಸೀರೆ ಉಟ್ಟು ತಮ್ಮ ಶಾಮಿಯಾನದ ಮುಂದಿನ ಸಾಲಿನಲ್ಲಿ ಕೂತಿದ್ದರು. ಸ್ವಂತ ಮೊಮ್ಮಗುವಿನ ಸಾವನ್ನು ಮನೆಯಷ್ಟು ದೊಡ್ಡ ಪರದೆಯ ಮೇಲೆ, ಮಗನ ಅಳುವ ಮುಖದ ಸಮೇತ, ಮೈಕಿನಲ್ಲಿ ಕೇಳಿದರು.

ಬಾಗಿಲು ತೆರೆದು ಬಂದದ್ದು ತಾವಲ್ಲ, ನಮ್ಮತ್ತೆ. ನನ್ನನ್ನು ನೋಡಲಿಲ್ಲ. ನೇರ ಲ್ಯಾಪ್‌ಟಾಪಿನ ಹತ್ತಿರ ಬಗ್ಗಿ ಮಗನಿಗೆ ಹೇಳಿದರು: “ಸಾಕು ಬುಡು ಮಗಾ. ಎಲ್ರುಗೂ ಕೇಳುಸ್ತಾ ಐತೆ.”

ನನ್ನ ಗಂಡನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಮುಖ ಹೇಗಾಯಿತೆಂದು ನಾನು ಬರೆಯುವುದಿಲ್ಲ. ತಾವು ಅದನ್ನು ನನಗಿಂತ ದೊಡ್ಡದಾಗಿ ನೋಡಿದ್ದೀರಿ. ಅವರ ಅಂಗೈ ಕ್ಯಾಮೆರಾಕ್ಕೆ ಅಡ್ಡ ಬಂತು, ಕತ್ತಲಾಯಿತು.

ಅತ್ತೆ ನನ್ನ ಕೈ ಹಿಡಿದು ಹೊರಟರು. ತಾವು ಶಾಲು ಹಾರ ಹಿಡಿದು ಅಡ್ಡ ಬಂದಿರಿ. “ಅಮ್ಮಾ, ಸನ್ಮಾನ ಇದೆ, ಎಲ್ಲಿಗ್ ಹೊರಟ್ರಿ?” ಎಂದಿರಿ. ಅತ್ತೆ ಅಂದದ್ದು ಮೈಕಿಗೆ ಬಿದ್ದಿರಲಿಕ್ಕಿಲ್ಲ, ಇಲ್ಲಿ ದಾಖಲಾಗಲಿ: “ಆ ಶಾಲ್ನ ನೀನೇ ಒದ್ಕಳಪ್ಪ. ನಾಚ್ಕೆ ಮುಚ್ಕಳಾಕೆ ನಿಂಗೇ ಬೇಕಾಯ್ತದೆ.”

ಅತ್ತೆ ಮನೆಗೆ ಬಂದು ಸೀರೆ ಬದಲಿಸಿದವರೇ, “ನಂಗ್ಯಾಕವ್ವ ಏಳ್ಲಿಲ್ಲ? ನಾನೇನು ಇಂಗೆ ಬಿದ್ದೋಗ್ಬುಡ್ತಿದ್ನಾ?” ಎಂದು ಕೇಳಿದರು. ಒಲೆಯ ಮೇಲೆ ಹಂಡೆ ಇಟ್ಟರು. ನನ್ನ ಮೈಗೆಲ್ಲ ಎಣ್ಣೆ ತಿಕ್ಕಿ, ಬಾಣಂತಿಗೆ ಹಾಕುವಂತೆ ಸುಡು ಸುಡು ನೀರು ಬೆನ್ನ ಮೇಲೆ ಹೊಯ್ದರು. ತಿಂಗಳುಗಳ ಹಿಂದೆ ಆಗಬೇಕಿದ್ದ ಆರೈಕೆ. ಹೊಯ್ಯುತ್ತಾ ಹೊಯ್ಯುತ್ತಾ ಅತ್ತರು, ಅವರ ಕಣ್ಣೀರು ಯಾವುದು ಬಚ್ಚಲಿನ ನೀರು ಯಾವುದು ನನಗೆ ತಿಳಿಯಲಿಲ್ಲ. ಇದನ್ನು ಚಿತ್ರೀಕರಿಸಿಕೊಳ್ಳಲು ತಮಗಾಗಲಿಲ್ಲವಲ್ಲ ಎಂದು ವಿಷಾದವಾಗುತ್ತಿದೆ. ಪಿಟೀಲಿಗೆ ಚೆನ್ನಾಗಿ ಹೊಂದುತ್ತಿತ್ತು.

ತಾಂತ್ರಿಕ ತಪ್ಪಾಗಿರಬಹುದು, ಯಾರೋ ಹುಡುಗರು ಗುಂಡಿ ಒತ್ತಿರಬಹುದು ಎಂದು ನಂಬಿಕೊಂಡೇ ನಾನು ತಮ್ಮ ಕಚೇರಿಗೆ ಬಂದದ್ದು. ಆ ಸಮಾಧಾನವನ್ನೂ ತಾವು ಉಳಿಸಲಿಲ್ಲ. “ಸ್ಕ್ರಿಪ್ಟ್ ಓದ್ಸಿದ್ರೆ ಯಾರಮ್ಮ ಅಳ್ತಾರೆ? ನ್ಯಾಚುರಲ್ಲಾಗಿ ಬರ್ಲಿ ಅಂತ ನಾನೇ ಆನ್ ಮಾಡ್ಸಿದ್ದು. ಇಡೀ ಮೈದಾನ ಕಣ್ಣೀರ್ ಹಾಕಿದೆ. ನೀವು ಹೆಮ್ಮೆ ಪಡ್ಬೇಕು ಕಣ್ರೀ!” ಎಂದಿರಿ. ಕಾಫಿ ತರಿಸಿದಿರಿ. ನಾನು ಕುಡಿಯಲಿಲ್ಲ. ಎದುರಿಗೆ ಕೂತ ಹೆಂಗಸಿನ ಗರ್ಭ ಹೋದದ್ದನ್ನು ಒಂದು ಯಶಸ್ವಿ ಕಾರ್ಯಕ್ರಮವೆಂದು ವರ್ಣಿಸಲು ಎಂಥ ತರಬೇತಿ ಬೇಕು? ಹೆಮ್ಮೆಯೇ ಆದರೆ ತಮ್ಮ ಮನೆಯ ಮಲಗುವ ಕೋಣೆಯ ಮಾತನ್ನು ಅದೇ ಪರದೆಯ ಮೇಲೆ ಒಮ್ಮೆ ಬಿಡಿ. ನಾವೂ ಮುಂದಿನ ಸಾಲಿನಲ್ಲಿ ಕೂತು ಹೆಮ್ಮೆ ಪಡುತ್ತೇವೆ.

ದೇಶ ಒಬ್ಬ ಸೈನಿಕನಿಂದ ಅವನ ದುಡಿಮೆ ಕೇಳಬಹುದು. ದೂರ ಹೋಗು ಎನ್ನಬಹುದು, ಪ್ರಾಣವನ್ನೂ ಕೇಳಬಹುದು. ಅದಕ್ಕೆಲ್ಲ ಒಪ್ಪಿಯೇ ನನ್ನ ಗಂಡ ಸಮವಸ್ತ್ರ ತೊಟ್ಟರು, ಒಪ್ಪಿಯೇ ನಾನು ಅವರನ್ನು ಕಟ್ಟಿಕೊಂಡೆ. ಹೆಂಡತಿಯ ನೆನಪಾಗಿ ಅವನು ಅಳುವುದನ್ನು ನಾಲ್ಕು ಜನಕ್ಕೆ ತೋರಿಸುವ ಹಕ್ಕು ಯಾರಿಗಿದೆ? ತಾವು ತೊಟ್ಟಿದ್ದ ತ್ರಿವರ್ಣದ ಬ್ಯಾಡ್ಜು ಅದನ್ನು ಕೊಟ್ಟಿತೇ?

ಪರಿಣಾಮವನ್ನೂ ಕೇಳಿ. ನಾನು ಕೆಲಸ ಮಾಡುವ ಅಂಗಡಿಗೆ ಒಬ್ಬ ಬಂದು, “ಮೇಡಂ, ಹಳೇ ವೇಲ್ ಇದ್ರೆ ಒಂದ್ ಕೊಡಿ” ಎಂದ. ಮಾಲೀಕರಾದ ಮಜೀದ್ ಅವರು ಗಲ್ಲಾ ಬಿಟ್ಟೆದ್ದು ಬಂದು ಅವನ ಕಾಲರ್ ಹಿಡಿದು ಹೊರಗೆ ದಬ್ಬಿದರು. ಅಂಥವರನ್ನಾದರೂ ದಬ್ಬಬಹುದು. ಒಳ್ಳೆಯ ಹೆಂಗಸರು ಬಂದು ನನ್ನ ಕೈ ಹಿಡಿದು, ಗುರುತು ಪರಿಚಯವಿಲ್ಲದವರು, ನನ್ನ ಮಗುವಿಗಾಗಿ ಅಳುತ್ತಾರೆ. ಅವರನ್ನು ಏನು ಮಾಡಲಿ?

ಇನ್ನು ನನ್ನ ಗಂಡ. ಅಲ್ಲಿನ ಜೊತೆಯವರ ಫೋನುಗಳಿಗೂ ತಮ್ಮ ವಿಡಿಯೋ ತಲುಪಿತು. ಬಹಳ ದಿನ ಅವರು ಕರೆ ಮಾಡಲಿಲ್ಲ. ಮಾಡಿದಾಗ, “ವೇಲ್ ಒಗೆದ್‌ಬಿಟ್ಟೆ” ಎಂದರು. ಅಷ್ಟೇ. ಈಗೀಗ ಕರೆ ಬಂದರೆ ಮೊದಲು “ಅಲ್ಲಿ ಯಾರಿದಾರೆ?” ಎಂದು ಕೇಳುತ್ತಾರೆ. ಯಾರೂ ಇಲ್ಲ ಎಂದರೂ ಹವಾಮಾನ ಹೇಳುತ್ತಾರೆ, ಅಮ್ಮನ ಬಿಪಿ ಕೇಳುತ್ತಾರೆ, ಇಡುತ್ತಾರೆ. ಯುದ್ಧ ಹಾಳುಮಾಡಿದ ದೇಶದಲ್ಲಿದ್ದುಕೊಂಡೂ ನನ್ನೊಡನೆ ಮಾತಾಡುತ್ತಿದ್ದ ಮನುಷ್ಯನ ಬಾಯನ್ನು ತಾವು ಅಟ್ಟೂರಿನಲ್ಲಿ ಕೂತು ಮುಚ್ಚಿಸಿದಿರಿ.

ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಸ್ವಾತಂತ್ರ್ಯೋತ್ಸವ ಹತ್ತಿರ ಬಂದಿದೆ. ಗಂಗಾನಗರದ ಮೋನಿಕಾ ಎಂಬುವರ ಗಂಡ ಮನೋಹರ್ ಅದೇ ತುಕಡಿಯಲ್ಲಿದ್ದಾರೆ. ತಾವು ಆಕೆಗೂ ಫೋನ್ ಮಾಡಿ, ನೆಟ್‌ವರ್ಕ್ ಟೆಸ್ಟಿಗೆ ಒಂದು ಗಂಟೆ ಮುಂಚೆ ಬನ್ನಿ ಎಂದಿದ್ದೀರಿ. ಆಕೆ ನನಗೆ ಫೋನ್ ಮಾಡಿ, “ಹೋಗ್ಲಾ ಅಕ್ಕಾ? ಅವ್ರನ್ನ ಸರಿಯಾಗಿ ನೋಡಿ ಎಷ್ಟೋ ದಿನ ಆಯ್ತು,” ಎಂದು ಕೇಳಿದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಬರುವುದಿಲ್ಲ. ಗಂಡನ ಮುಖ ನೋಡುವ ಆಸೆಯನ್ನು ಅವಳಿಂದ ನಾನೇ ಕಿತ್ತುಕೊಳ್ಳಬೇಕಾಯಿತು, ಅದೂ ತಮ್ಮ ಕೃಪೆ.

ಆ ವಿಡಿಯೋವನ್ನು ತೆಗೆಯಿರಿ, ಮೂಲ ಪ್ರತಿಯನ್ನೂ ಅಳಿಸಿ. ಕದ್ದು ಕೇಳಿಸಿದ್ದು ತಾವೇ ಎಂದು ಅದೇ ಪುಟದಲ್ಲಿ ಬರೆಯಿರಿ. ಸೈನಿಕರ ಹೆಂಡಂದಿರಿಗೆ ಒಳ್ಳೆಯದು ಮಾಡುವ ಉತ್ಸಾಹ ಇನ್ನೂ ಉಳಿದಿದ್ದರೆ ಅದೇ ಒಳ್ಳೆಯ ಸಂಪರ್ಕವನ್ನು ವೇದಿಕೆಯಿಲ್ಲದೆ ಕೊಡಿಸಿ. ಇನ್ನೊಂದು ಮಾತು. ಮಳೆಗಾಲ ಕಳೆಯುವ ಹೊತ್ತಿಗೆ ನನ್ನ ಗಂಡ ವಾಪಸ್ ಬರುತ್ತಾರೆ. ವಿಮಾನ ನಿಲ್ದಾಣ ತಮಗೆ ಹತ್ತಿರವೇ. ದಯವಿಟ್ಟು ಬರಬೇಡಿ, ಯಾರನ್ನೂ ಕಳಿಸಬೇಡಿ. ನಾನು ಮತ್ತು ನಮ್ಮತ್ತೆ ಹೋಗುತ್ತೇವೆ. ಅವರು ನನ್ನನ್ನು ಕಂಡು ಏನಾದರೂ ಹೇಳುತ್ತಾರೋ ಅಥವಾ ಏನೂ ಹೇಳುವುದಿಲ್ಲವೋ, ಅದು ತಮಗೆ ಸಂಬಂಧಿಸಿದ್ದಲ್ಲ.

ಇಂತಿ,
ತಮ್ಮ ಕಾರ್ಯಕ್ರಮದ ಅತ್ಯಂತ ಯಶಸ್ವಿ ಭಾಗ,
ಮಂಜುಶ್ರೀ
ಕೊಡಿಗೇಹಳ್ಳಿ