ಕುರ್ಚಿಯ ಹಿಂದೆ ನಿಂತವಳು

ರೀ,

ನಾಳೆ ಇಬ್ಬರೂ ಹೋಗಬೇಕಿದ್ದ ಊರಿಗೆ ಇವತ್ತೇ ನಾನೊಬ್ಬಳೇ ಹೊರಟಿದ್ದೇನೆ. ನೀವು ಕ್ಷೌರ ಮುಗಿಸಿ ಬರುವಷ್ಟರಲ್ಲಿ ಕಾರು ಇರುವುದಿಲ್ಲ, ಹುಡುಕಬೇಡಿ.

ಅಡುಗೆ ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊಳ್ಳಿ. ಬಿಪಿ ಮಾತ್ರೆ ಕನ್ನಡಕದ ಪಕ್ಕದಲ್ಲೇ ಇದೆ, ಕಾಣಲಿಲ್ಲ ಅಂತ ಮನೆಯೆಲ್ಲ ಕಿತ್ತುಹಾಕಬೇಡಿ. ಬಚ್ಚಲಿನ ನಲ್ಲಿ ಸರಿಮಾಡಲು ಪ್ಲಂಬರ್ ಐದಕ್ಕೆ ಬರುತ್ತಾನೆ, ಮನೆಯಲ್ಲಿರಿ.

ನಿನ್ನೆ ಫೋನಿನಲ್ಲಿ ನಿಮ್ಮಕ್ಕನಿಗೆ ಹೇಳುತ್ತಿದ್ದಿರಿ, “ಅವಳಿಗೇನು ಕಮ್ಮಿ ಮಾಡಿದೀನಿ? ವರ್ಷಕ್ಕೊಂದ್ಸಲ ಕ್ಯಾಸಿನೊ ಊರಿಗೆ ಕಾರಲ್ಲಿ ಕರ್ಕೊಂಡು ಹೋಗ್ತೀನಲ್ಲ” ಅಂತ. ಕರೆದುಕೊಂಡು ಹೋಗುತ್ತೀರಿ, ನಿಜ. ಹೋಗಿ ಜೂಜಿನ ಮೇಜಿಗೆ ಕೂತು, ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಬೆನ್ನ ಹಿಂದೆ ನಿಲ್ಲಿಸುತ್ತೀರಿ. “ಅಲ್ಲಾಡಬೇಡ ಕಣೆ, ನೀನು ಸರಿದ್ರೆ ನನ್ನ ಲಕ್ಕೂ ಸರಿಯುತ್ತೆ.”

ಹನ್ನೊಂದು ವರ್ಷ ನಿಂತೆ. ಗೆದ್ದರೆ ನಿಮ್ಮ ಜಾಣತನ, ಸೋತರೆ ನಾನು ಅಲ್ಲಾಡಿದ್ದು. ಹೋದ ವರ್ಷ ಒಂದು ಸಲ ಸೀನಿದ್ದಕ್ಕೆ ವಾಪಸು ಬರುವ ದಾರಿಯುದ್ದಕ್ಕೂ ನೀವು ಮಾತಾಡಲಿಲ್ಲ. ಆ ಕಟ್ಟಡದ ಹಿಂದೆಯೇ ದೊಡ್ಡ ಕೆರೆಯಿದೆಯಂತೆ, ದೋಣಿ ಬಿಡುತ್ತಾರಂತೆ. ಆ ಊರಲ್ಲಿ ನಾನು ಕಂಡದ್ದು ನಿಮ್ಮ ನೆತ್ತಿ ವರ್ಷವರ್ಷಕ್ಕೂ ಬೋಳಾಗುತ್ತ ಬಂದದ್ದನ್ನು ಮಾತ್ರ.

ಈ ಸಲ ದೋಣಿಯಲ್ಲಿ ಕೂರುತ್ತೇನೆ. ಭಾನುವಾರ ಬರುತ್ತೇನೆ, ಬರಬೇಕೆನಿಸಿದರೆ.

ನಿಮ್ಮ ಕೋಟಿಗೆ ಇಸ್ತ್ರಿ ಮಾಡಿ, ಊಟಕ್ಕೆ ನೀವು ಕೂರುವ ಕುರ್ಚಿಯ ಬೆನ್ನಿಗೆ ಹಾಕಿದ್ದೇನೆ. ಅದು ಅಲ್ಲಾಡುವುದಿಲ್ಲ. ಸೀನುವುದೂ ಇಲ್ಲ.