ಈರುಳ್ಳಿ ಬುಟ್ಟಿ

ತಂಗೀ, ಮನೆಯಲ್ಲಿ ಎಲ್ಲರೂ ಕ್ಷೇಮ ತಾನೇ? ಹಡಗಿನಲ್ಲಿ ನನಗೆ ವಾಂತಿ ನಿಂತಿದೆ, ಮಂಡಿ ಮಾತ್ರ ಹಿಡಿದುಕೊಂಡಿದೆ.

ಬಂದರಿನ ಅಂಗಡಿಗಳಲ್ಲಿ ಇರುವುದೆಲ್ಲ ಯಂತ್ರದ ಮಾಲು, ಅಸಲಿ ಬೇಕಾದರೆ ಹಿಂದಿನ ಓಣಿಗೆ ಹೋಗಬೇಕು ಎಂದು ಮೊಮ್ಮಗಳನ್ನು ಎಳೆದುಕೊಂಡು ಹೋದೆ. ಒಂದು ಬಾಗಿಲೊಳಗೆ ಕೈಯಲ್ಲಿ ಹೆಣೆದ ಚೆಂದದ ಬುಟ್ಟಿ ಕಂಡಿತು. ನಿನಗೆ ಇರಲಿ ಎಂದು ನೇರ ನುಗ್ಗಿ, ಅವರ ಭಾಷೆ ಬಾರದಿದ್ದರೂ ಬೆರಳು ತೋರಿಸಿ ಚೌಕಾಸಿಗೆ ನಿಂತೆ. ಅಲ್ಲಿದ್ದ ಹೆಂಗಸು ಪಿಳಿಪಿಳಿ ನೋಡಿದಳು. ಆಮೇಲೆ ಅದರಲ್ಲಿದ್ದ ಈರುಳ್ಳಿಯನ್ನು ನೆಲಕ್ಕೆ ಸುರಿದು, ನಾನು ಕೊಟ್ಟಷ್ಟಕ್ಕೇ ಬುಟ್ಟಿ ಕೊಟ್ಟುಬಿಟ್ಟಳು.

"ನೋಡಿದ್ಯೇನೇ, ವ್ಯಾಪಾರ ಅಂದ್ರೆ ಹೀಗೆ ಮಾಡ್ಬೇಕು!" ಎಂದು ಓಣಿಯಲ್ಲಿ ಬೀಗಿದೆ.

"ಅಜ್ಜೀ, ಒಳಗೆ ಒಲೆ ಉರೀತಿತ್ತು, ಮಂಚದ ಮೇಲೆ ಮಗು ಮಲಗಿತ್ತು. ಅದು ಅಂಗಡಿ ಅಲ್ಲ, ಅವರ ಮನೆ!" ಎಂದಳು ಮೊಮ್ಮಗಳು.

ನಾಚಿಕೆಯಿಂದ ಭೂಮಿಗಿಳಿದುಹೋದೆ ಕಣೇ. ಕುಂಟುತ್ತಾ ವಾಪಸು ಹೋಗಿ ಬುಟ್ಟಿ ಮುಂದೆ ಚಾಚಿದೆ. ಆ ಪುಣ್ಯಾತ್ಗಿತ್ತಿ ನಾನು ಮತ್ತೆ ಜಗಳಕ್ಕೆ ಬಂದೆನೆಂದು ಹೆದರಿ, ಒಳಗೋಡಿ ಅದರ ಮುಚ್ಚಳವನ್ನೂ ತಂದು ನನ್ನ ಕೈಗಿಟ್ಟು ಬಾಗಿಲು ಹಾಕಿಕೊಂಡಳು.

ಎರಡನ್ನೂ ಹೊಸ್ತಿಲ ಮೇಲಿಟ್ಟು ಬಂದಿದ್ದೇನೆ. ಏನು ತಂದೆ ಅಂತ ನಾಲ್ಕು ಜನರೆದುರು ಕೇಳಿ ನನ್ನ ಮಾನ ಕಳೆಯಬೇಡ. ಹಡಗು ಕೂಗುತ್ತಿದೆ.

ನಿನ್ನ ಅಕ್ಕ