ಓಡುವುದಿಲ್ಲ ಎಂದು ಬರೆಸಿಕೊಂಡ ಕಾಗದ

ಆಟದ ಮೈದಾನದ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಓಡಿದ್ದಾಳೆ. ತಪ್ಪಾಗಿದೆ. ಆರನೇ ತರಗತಿಯ ಹನ್ನೊಂದು ವರ್ಷದ ಹುಡುಗಿ ತನ್ನದೇ ಶಾಲೆಯ ಮೈದಾನದಲ್ಲಿ, ತನ್ನವೇ ಕಾಲುಗಳಿಂದ, ಯಾವ ಮೇಲಧಿಕಾರಿಯ ಅನುಮತಿಯೂ ಇಲ್ಲದೆ ಒಂಬತ್ತು ದಿನ ಓಡಿದ್ದಾಳೆ. ಇದಕ್ಕೆ ಪೋಷಕನಾದ ನಾನು ಏಳು ದಿನದೊಳಗೆ ಲಿಖಿತ ವಿವರಣೆ ಕೊಡಬೇಕೆಂದು ತಮ್ಮ ಕಚೇರಿಯಿಂದ ನೋಟಿಸು ಬಂದಿದೆ. ವಿವರಣೆ ಇದೇ. ತಮ್ಮ ಟಪಾಲಿನಲ್ಲಿ ಕಳೆದುಹೋಗಬಾರದೆಂದು ಪತ್ರಿಕೆಗೂ ಒಂದು ಪ್ರತಿ ಕೊಟ್ಟಿದ್ದೇನೆ.

ನಾನು ಸೊರಬದ ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟುಕೊಂಡಿರುವ ಟೈಲರ್. ಇಪ್ಪತ್ತೆರಡು ವರ್ಷದಿಂದ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದೇನೆ. ಜಡೆ ಊರಿನ ಕಡೆಯವರು, ಶಿಕಾರಿಪುರ ರಸ್ತೆಯ ಊರಿನವರು ಮೇ ತಿಂಗಳಲ್ಲಿ ಮಕ್ಕಳನ್ನು ಅಳತೆಗೆ ಕರೆದುಕೊಂಡು ಬರುತ್ತಾರೆ. 'ಮಕ್ಕಳಲ್ಲಿ ಬೊಜ್ಜು ಹೆಚ್ಚುತ್ತಿರುವುದು ಆತಂಕಕಾರಿ ಬೆಳವಣಿಗೆ' ಎಂದು ತಾವು ಹೋದ ವರ್ಷ ಸುತ್ತೋಲೆ ಹೊರಡಿಸಿದಿರಿ. ಈ ಸುದ್ದಿ ನನ್ನ ಟೇಪಿಗೆ ಹತ್ತು ವರ್ಷ ಮೊದಲೇ ಗೊತ್ತಿತ್ತು. ಅದಕ್ಕೂ ಮೊದಲು ತಾಯಂದಿರು, "ಕೆಳಗೆ ಎರಡಿಂಚು ಬಟ್ಟೆ ಬಿಡ್ರಿ, ಹುಡುಗ ಉದ್ದ ಆಗ್ತಾನೆ" ಅನ್ನುತ್ತಿದ್ದರು. ಈಗ, "ಸೊಂಟದಾಗೆ ಬಿಡ್ರಿ" ಅನ್ನುತ್ತಾರೆ. ಆಗ ದೀಪಾವಳಿ ಹೊತ್ತಿಗೆ ಮೊಣಕಾಲು ಹರಿದ, ಕೂರುವ ಭಾಗ ಸವೆದ ಚಡ್ಡಿಗಳು ರಾಶಿಗಟ್ಟಲೆ ತೇಪೆಗೆ ಬರುತ್ತಿದ್ದವು. ಈಚೆಗೆ ಮೊಣಕಾಲು ಹರಿದ ಬಟ್ಟೆ ನನ್ನ ಅಂಗಡಿಗೆ ಬಂದು ಮೂರು ವರ್ಷವಾಗಿತ್ತು. ಬಿದ್ದರೆ ತಾನೇ ಹರಿಯುವುದು? ಓಡಿದರೆ ತಾನೇ ಬೀಳುವುದು?

ಜೂನ್ ತಿಂಗಳಲ್ಲಿ ತಮ್ಮ ಕಡೆಯವರು ನಮ್ಮೂರ ಶಾಲೆಗೆ ಬಂದು ಮಕ್ಕಳನ್ನು ತೂಗಿದರು. ನನ್ನ ಮಗಳು ಗಂಗಾಶ್ರೀಯ ಕಾರ್ಡಿನಲ್ಲಿ ಐವತ್ತೊಂಬತ್ತು ಕೆಜಿ ಎಂದು ಬರೆದು ಅದರ ಸುತ್ತ ಕೆಂಪು ವೃತ್ತ ಎಳೆದರು. ಬರೆದುಕೊಳ್ಳುವವರು ಜಗುಲಿಯ ಆ ತುದಿಯಲ್ಲಿ ಕೂತಿದ್ದರಿಂದ ತೂಕವನ್ನು ಕೂಗಿಯೇ ಹೇಳಬೇಕಾಯಿತಂತೆ. ಅಂದಿನಿಂದ ತರಗತಿಯಲ್ಲಿ ಅವಳನ್ನು 'ಐವತ್ತೊಂಬತ್ತು' ಎಂದೇ ಕರೆಯುತ್ತಾರೆ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಸಕ್ಕರೆ ಅಂಚಿಗೆ ಬಂದು ನಿಂತಿದೆ. ಈಗಲೇ ಮಾತ್ರೆ ಬೇಡ. ದಿನಾ ಒಂದು ಗಂಟೆ ಓಡಿ ಆಡಲಿ, ಬೇಕರಿ ತಿಂಡಿ ಬಿಡಲಿ. ಡಿಸೆಂಬರಲ್ಲಿ ಮತ್ತೆ ನೋಡೋಣ" ಎಂದರು. ಬೇಕರಿಯ ತಪ್ಪು ನನ್ನದೇ, ಒಪ್ಪುತ್ತೇನೆ. ಶಾಲೆ ಬಿಟ್ಟ ಮೇಲೆ ಅವಳನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಮೊಬೈಲು, ಬಾಯಿಗೆ ಪಫ್ಸ್ ಕೊಟ್ಟು ಸುಮ್ಮನಿರಿಸಿದವನು ನಾನು. ಅದನ್ನು ನಿಲ್ಲಿಸಿದ್ದೇನೆ. ಆದರೆ ಆ ಒಂದು ಗಂಟೆ ಎಲ್ಲಿ ಓಡಬೇಕು? ಲಾರಿ, ಟಿಪ್ಪರ್ ಓಡಾಡುವ ರಸ್ತೆಯಲ್ಲೇ?

ಮೈದಾನವಿದೆಯಲ್ಲ, ಎನ್ನುತ್ತೀರಿ. ಇದೆ. ಮಣ್ಣು ಹೊಡೆಸಿ, ಮಟ್ಟ ಮಾಡಿಸಿ, ಸುಣ್ಣದ ಗೆರೆ ಎಳೆಸಿ, ವ್ಯಾಯಾಮದ ಹತ್ತು ಯಂತ್ರ ನೆಟ್ಟು, ಗೇಟಿಗೆ ಬೀಗ ಹಾಕಿ ಹತ್ತೊಂಬತ್ತು ತಿಂಗಳಾಯಿತು. ಉದ್ಘಾಟನೆಗೆ ಗಣ್ಯರ ದಿನಾಂಕ ಸಿಕ್ಕಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ. ಗೇಟಿನ ಪಕ್ಕದ ಕಲ್ಲಿನಲ್ಲಿ ಎಲ್ಲರ ಹೆಸರೂ ಕೆತ್ತಿದೆ, 'ದಿನಾಂಕ' ಎಂಬಲ್ಲಿ ಮಾತ್ರ ಖಾಲಿ. ಆ ಕಲ್ಲಿಗೆ ಇಳಿಬಿಟ್ಟಿರುವ ಮೆರೂನ್ ಪರದೆ ಹೊಲಿದವನು ನಾನೇ. ಮೊದಲನೆಯದು ಬಿಸಿಲಿಗೆ ಬಣ್ಣಗೆಟ್ಟಿತು, ಎರಡನೆಯದು ಮಳೆಗೆ ಕೊಳೆಯಿತು. ಮೂರನೆಯದಕ್ಕೆ ಬಟ್ಟೆ ಕೊಟ್ಟು ಕಳಿಸಿದ್ದೀರಿ. ಕಾಂಪೌಂಡಿನ ಹಿಂದಿನ ಮೂಲೆ ಕುಸಿದು, ಊರ ಎಮ್ಮೆಗಳು ಅಲ್ಲಿಂದ ಒಳಹೊಕ್ಕು ಸಾವಕಾಶವಾಗಿ ಮೇಯುತ್ತವೆ. ಅವಕ್ಕಿನ್ನೂ ನೋಟಿಸು ಹೋದಂತಿಲ್ಲ.

ಮಕ್ಕಳಿಗೆ ವ್ಯಾಯಾಮವೇ ಇಲ್ಲ ಎಂದರೆ ಸುಳ್ಳಾದೀತು. ದಿನವೂ ಮಕ್ಕಳು ಓಡುವ ಫೋಟೊ ಕಳಿಸಬೇಕೆಂದು ತಮ್ಮ ಆದೇಶವಿದೆ. ಹಾಗಾಗಿ ಜಗುಲಿಯ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದು ಕಾಲು ಮುಂದೆ ಇಡಿಸಿ, ಮೊಣಕೈ ಮಡಿಸಿ, "ಅಲ್ಲಾಡಬ್ಯಾಡ್ರೋ, ಫೋಟೊ ಮಸುಕಾಗ್ತದೆ" ಎಂದು ಕ್ಲಿಕ್ಕಿಸುತ್ತಾರೆ. ಮೇಷ್ಟ್ರನ್ನು ನಾನು ದೂರುವುದಿಲ್ಲ, ಅವರಾದರೂ ಏನು ಮಾಡಿಯಾರು? ಹತ್ತೊಂಬತ್ತು ತಿಂಗಳಿಂದ ನಮ್ಮ ಮಕ್ಕಳು ನಿಂತಲ್ಲೇ ಓಡಿದ್ದಾರೆ. ತಾವು ಕೂತಲ್ಲೇ ನೋಡಿ ಮೆಚ್ಚಿದ್ದೀರಿ.

ಈಗ ಅಪರಾಧದ ವಿಷಯ. ಜನ ನೋಡುವ ಕಡೆ ನನ್ನ ಮಗಳು ಓಡುವುದಿಲ್ಲ. ಓಡಿದರೆ ನಗುತ್ತಾರೆಂಬ ಭಯ. ಯಾರೂ ಇಲ್ಲದ ಜಾಗ ಊರಲ್ಲಿ ಒಂದೇ, ತಾವು ಬೀಗ ಹಾಕಿದ ಮೈದಾನ. ಬೆಳಿಗ್ಗೆ ಆರಕ್ಕೆ ಎದ್ದು, ಎಮ್ಮೆಗಳ ದಾರಿಯಲ್ಲೇ ಒಳಗೆ ಹೋಗಿ ಓಡತೊಡಗಿದಳು. ಯಾರೂ ಹೇಳಿಕೊಟ್ಟದ್ದಲ್ಲ. ವಾಚ್‌ಮನ್ ಹುಲಿಯಪ್ಪ ಕಂಡೂ ಕಾಣದಂತಿದ್ದರು. "ಓಡವ್ವ, ನಾ ಆ ಕಡೆ ಗಿಡಕ್ಕೆ ನೀರು ಹಾಕ್ತಿರ್ತೀನಿ" ಅಂದರಂತೆ. ಮೊದಲ ದಿನ ಅರ್ಧ ಸುತ್ತಿಗೇ ಏದುಸಿರು. ಐದನೇ ದಿನ ಅಂಗಡಿಗೆ ಬಂದು, "ಅಪ್ಪ, ಒಂದು ಸುತ್ತು ನಿಲ್ಲದೇ ಓಡಿದೆ" ಅಂದಳು. ಎಂಟನೇ ದಿನ ಎರಡು ಸುತ್ತು. ಅವತ್ತು ಬಿದ್ದು ಪ್ಯಾಂಟಿನ ಮೊಣಕಾಲು ಹರಿದುಕೊಂಡು ಬಂದಳು, ಮುಖದ ತುಂಬ ನಗು. ಮೂರು ವರ್ಷದಲ್ಲಿ ನನ್ನ ಕೈಗೆ ಬಂದ ಮೊದಲ ಹರಿದ ಮೊಣಕಾಲು ನನ್ನ ಮಗಳದ್ದು. ಅದನ್ನು ಮಡಿಲಲ್ಲಿಟ್ಟುಕೊಂಡು ನಾನು ಅತ್ತೆ.

ಒಂಬತ್ತನೇ ದಿನ ತಮ್ಮ ಜೀಪು ಬಂತು. ಪರದೆ ನೆಟ್ಟಗಿದೆಯೋ ಇಲ್ಲವೋ ನೋಡಲು ಬಂದಿದ್ದಿರಿ. ಪರದೆ ಕೊಳೆತಿತ್ತು, ಹುಡುಗಿ ಓಡುತ್ತಿದ್ದಳು. ತಾವು ಹುಲಿಯಪ್ಪನವರಿಗೆ ಹೇಳಿದ ಮಾತು ಇಡೀ ಊರಿಗೆ ಗೊತ್ತು. "ಉದ್ಘಾಟನೆಗೆ ಮುಂಚೆ ಟ್ರ್ಯಾಕ್ ಮೇಲೆ ಹೆಜ್ಜೆ ಮೂಡಿದ್ರೆ ಬಂದವರಿಗೆ ಏನಂತ ತೋರಿಸ್ಲಿ ನಾನು?" ಎಮ್ಮೆಯ ಹೆಜ್ಜೆಯನ್ನು ಏನೆಂದು ತೋರಿಸುತ್ತೀರೋ ನನಗೆ ತಿಳಿಯದು. ಅದೇ ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಇನ್ನೂರು ಮಕ್ಕಳೆದುರು ಅವಳನ್ನು ನಿಲ್ಲಿಸಿ, 'ನಾನು ಇನ್ನು ಮುಂದೆ ಓಡುವುದಿಲ್ಲ' ಎಂದು ಬರೆಸಿ, ಓದಿಸಿ, ಸಹಿ ಹಾಕಿಸಿಕೊಂಡಿರಿ. ಯಾರ ಕಣ್ಣಿಗೂ ಬೀಳದೆ ಓಡಬೇಕೆಂದು ಹೋದವಳನ್ನು ಊರಿನ ಕಣ್ಣಿಗೆಲ್ಲ ತೋರಿಸಿದಿರಿ.

ಮರುದಿನ ತಮ್ಮನ್ನು ಕಾಣಲು ಕಚೇರಿಗೆ ಬಂದೆ. "ಸಾಹೇಬ್ರು ಮೀಟಿಂಗಲ್ಲಿದ್ದಾರೆ, ಕೂತ್ಕೊಳ್ರಿ" ಅಂದರು. ಯಾವ ಮೀಟಿಂಗು ಎಂದು ಕೇಳಿದೆ. ಮಕ್ಕಳ ಬೊಜ್ಜಿನದ್ದೇ. ಬೋಂಡಾದ ತಟ್ಟೆ ಎರಡು ಸಲ ಒಳಗೆ ಹೋಯಿತು. ನಾನು ಬೋಂಡಾದ ವಿರೋಧಿಯಲ್ಲ. ಒಂದೂವರೆ ತಾಸು ಕೂತು ಬಸ್ಸು ಹತ್ತಿದೆ.

ಮನೆಯಲ್ಲಿ ನನ್ನ ತಾಯಿ ದ್ಯಾಮಮ್ಮ, ಉಡುತಡಿಯಲ್ಲಿ ಹುಟ್ಟಿ ಬೆಳೆದವಳು, ವಿಷಯ ಕೇಳಿ, "ನಮ್ ಕಾಲದಾಗೂ ಹೆಣ್ಮಕ್ಳು ಓಡಬಾರದು ಅಂತ ಬೈಯೋರಪ್ಪ. ಆದ್ರೆ ಬರಸ್ಕಂತಿರಲಿಲ್ಲ" ಅಂದಳು. ಮಾನ್ಯರೇ, ಬೈಗುಳಕ್ಕೂ ಬರಹಕ್ಕೂ ಇರುವ ವ್ಯತ್ಯಾಸ ಶಾಲೆಯ ಮೆಟ್ಟಿಲು ಹತ್ತದ ನನ್ನ ತಾಯಿಗೆ ಗೊತ್ತು. ಬೈಗುಳ ಮರುದಿನಕ್ಕೆ ಮರೆತುಹೋಗುತ್ತದೆ. ನನ್ನ ಮಗಳು ಮಾತು ಕೊಟ್ಟರೆ ಉಳಿಸಿಕೊಳ್ಳುವವಳು. ಉಡುತಡಿಯಲ್ಲಿ ಅಜ್ಜಿಯ ತವರುಮನೆ ಹೊಲದ ದಾರಿಯಲ್ಲಿ ಓಡು, ನಾನೂ ಜೊತೆಗೆ ಬರುತ್ತೇನೆ ಎಂದು ಕರೆದೆ. "ಬ್ಯಾಡಪ್ಪ, ಬರ್ಕೊಟ್ಟೀನಲ್ಲ" ಅಂದಳು. ಇಪ್ಪತ್ತಾರು ದಿನವಾಯಿತು, ಶಾಲೆ ಬಿಟ್ಟ ಮೇಲೆ ಮತ್ತೆ ಅದೇ ಸ್ಟೂಲಿನ ಮೇಲೆ ಕೂರುತ್ತಿದ್ದಾಳೆ. ಡಿಸೆಂಬರ್ ಹತ್ತಿರ ಬರುತ್ತಿದೆ. ನನಗೆ ಹೆದರಿಕೆಯಾಗುತ್ತಿದೆ.

ಆದ್ದರಿಂದ ನನ್ನ ಬೇಡಿಕೆ. ಗೇಟು ತೆಗೆಯಿರಿ. ಗಣ್ಯರು ಬಂದಾಗ ಬರಲಿ, ಮಕ್ಕಳು ಓಡಿದ ಮೈದಾನವನ್ನೂ ಉದ್ಘಾಟಿಸಬಹುದು, ರಿಬ್ಬನ್ನಿಗೇನೂ ಬೇಸರವಾಗದು. ಅದಕ್ಕೂ ಮೊದಲು ಆ ಕಾಗದ ವಾಪಸ್ ಕೊಡಿ. ಕಚೇರಿಯಲ್ಲಿ ನನ್ನ ಕೈಗಲ್ಲ. ಅದೇ ಪ್ರಾರ್ಥನೆಯ ಹೊತ್ತಿಗೆ, ಅದೇ ಇನ್ನೂರು ಮಕ್ಕಳೆದುರು, ತಾವೇ ಬಂದು ಅವಳ ಕೈಗೆ ಕೊಟ್ಟು, ಓಡಮ್ಮ ಎಂದು ಬಾಯಿಬಿಟ್ಟು ಹೇಳಿ.

ಮೂರನೆಯ ಪರದೆ ಹೊಲಿದಾಗಿದೆ. ಆದರೆ ಅದರ ನಟ್ಟನಡುವೆ ಅಂಗೈ ಅಗಲದ ತೂತಿದೆ. ಮಗಳ ಪ್ಯಾಂಟಿನ ಮೊಣಕಾಲಿಗೆ ಗಟ್ಟಿ ಬಟ್ಟೆ ಬೇಕಿತ್ತು, ನಾನೇ ಕತ್ತರಿಸಿಕೊಂಡೆ. ಕಲ್ಲಿಗೆ ತೊಡಿಸಿದರೆ ತೂತಿನಲ್ಲಿ ದಿನಾಂಕದ ಖಾಲಿ ಜಾಗ ಸರಿಯಾಗಿ ಕಾಣುತ್ತದೆ. ಇದಕ್ಕೂ ತಪ್ಪೊಪ್ಪಿಗೆ ಬೇಕಿದ್ದರೆ ಬರೆದು ಕಳಿಸಿ, ನಾನು ಸಹಿ ಹಾಕುತ್ತೇನೆ, ನನಗೆ ನಲವತ್ತೇಳು ವರ್ಷ. ತೇಪೆ ಹಾಕಿದ ಪ್ಯಾಂಟು ಅಂಗಡಿಯ ಮೊಳೆಗೆ ನೇತಾಡುತ್ತಿದೆ. ತೊಡಬೇಕಾದವಳು ಅದರ ಕೆಳಗೇ ಕೂತಿದ್ದಾಳೆ. ಇನ್ನೂ ಮುಟ್ಟಿಲ್ಲ.

ಇಂತಿ,
ತಮ್ಮ ಪರದೆಗೆ ಕತ್ತರಿ ಹಾಕಿದ, ಓಡಿದವಳ ಅಪ್ಪ
ಸಿದ್ಧಲಿಂಗೇಶ್, ಟೈಲರ್
ಸೊರಬ